ತೈಲಕ್ಷಾಮವೂ ದೇಶಾಂತರಪ್ರಯಾಣವೂ

ಬೆಂಗಳೂರಿಗೆ ಪೂರ್ವದಿಕ್ಕಿನಲ್ಲಿ, ವೈಟ್‌ಫೀಲ್ಡಿಗೆ ಸಮೀಪವಾಗಿ, ಪಟ್ಟಂದೂರು ಅಗ್ರಹಾರವೆಂಬ ಗ್ರಾಮವಿರುವುದು. ಅಗ್ರಹಾರವೆಂಬ ಮಾತಿನ ಅರ್ಥವನ್ನು ವಾಚಕರಿಗೆ ವಿವರಿಸಬೇಕಾದುದಿಲ್ಲ. ಅಧ್ಯಯನಾಧ್ಯಾಪನಗಳಲ್ಲಿ ನಿರತರಾದವರು ಜೀವನೋಪಾಯಕ್ಕಾಗಿ ಊರೂರು ಅಲೆಯದೆ ಒಂದೆಡೆಯಲ್ಲಿ ನೆಲೆಯಾಗಿ ಕುಳಿತಿರಲೆಂದು ಅರಸರೂ ಶ್ರೀಮಂತರೂ ಭೂಮಿಯನ್ನು ಧಾರೆಯೆರೆದು ಕೊಟ್ಟ ಊರುಗಳಿಗೆ ಈ ಹೆಸರು ಬಂದಿತು. ಪ್ರಯಾಣದ ಕಷ್ಟ ತಪ್ಪಲೆಂದೇ ಹುಟ್ಟಿದ ಊರುಗಳಿವು. ಅಂತಹ ಹೆಸರನ್ನು ಹೊತ್ತ ಈ ಗ್ರಾಮದ ಬಾಗಿಲಲ್ಲಿ ಈಗ ಹಗಲಿರುಳೆನ್ನದೆ ಮೋಟಾರು ಗಾಡಿಗಳು ಒಂದರ ಬೆನ್ನಿಗೊಂದು ಅಂಟಿಕೊಂಡಂತೆ ನಿಂತಿರುತ್ತವೆ. 1990ರ ದಶಕದಲ್ಲಿ ಭಾರತ ಸಿಂಗಪುರಗಳ ಸಹಯೋಗದಿಂದ ಇಲ್ಲಿ ಗಣಕಯಂತ್ರೋದ್ಯಮದ ಮಹಾಸೌಧಗಳೆದ್ದವು. 2023ರ ಮಾರ್ಚ್ 25ರಂದು ಮೆಟ್ರೋ ರೈಲಿನ ಮಾರ್ಗ ಇಲ್ಲಿಯವರೆಗೆ ಬಂದು, ಊರಿನ ಹೆಸರನ್ನೇ ಹೊತ್ತ ನಿಲ್ದಾಣವೊಂದು ತೆರೆಯಿತು. ಸೌಧಗಳೊಳಗೆ ದುಡಿಯುವವರಿಗೆ ಸಮುದ್ರಾಂತರದ ಊರುಗಳು ನೆರೆಯ ಸಂತೆಯಷ್ಟೇ ಪರಿಚಿತ.

ಇಂತಹ ಕಾಲದಲ್ಲಿ ಇಂಧನದ ಅಭಾವವೆಂಬುದು ಹಳೆಯ ಕಥೆಯಂತೆ ತೋರಬಹುದು. ಆದರೆ ಕಳೆದ ಶತಮಾನದಲ್ಲಿ ನಾಲ್ಕೈದು ಸಲವಾದರೂ ನೆಲದೊಳಗಣ ಎಣ್ಣೆಯ ಸರಬರಾಜು ತಪ್ಪಿ, ಗಾಡಿಯಿದ್ದವರೂ ಹಣವಿದ್ದವರೂ ಹೊರಡುವುದೇ ನಿಲ್ಲುವುದೇ ಎಂದು ತೂಗಿ ನೋಡಬೇಕಾಗಿ ಬಂದಿತ್ತು. ತಮ್ಮ ನಾಡಿನ ಗಡಿಯನ್ನು ದಾಟಬೇಕಾದವರಿಗೆ ಈ ತೂಗಾಟ ಇನ್ನೂ ಕಠಿಣವಾಗಿತ್ತು. ಆ ನಿರ್ಣಯಗಳು ಹೇಗೆ ನಡೆದವೆಂಬುದು ವಿಚಾರಯೋಗ್ಯವಾದ ವಿಷಯ.

ಪೂರ್ವಿಕರಿಗೆ ಪ್ರಯಾಣವು ನಿರ್ಣಯಪೂರ್ವಕವಾದ ಕಾರ್ಯವಾಗಿದ್ದಿತು. ತಿಥಿ, ವಾರ, ನಕ್ಷತ್ರ, ವಾರಶೂಲೆ, ಶಕುನ ಇವೆಲ್ಲವೂ ಯಾವಾಗ ಹೊರಡಬೇಕೆಂಬುದನ್ನು ಹೇಳುತ್ತಿದ್ದವು. ಹೊರಡಬಹುದೇ ಕೂಡದೇ ಎಂಬುದನ್ನು ಧರ್ಮಶಾಸ್ತ್ರವು ಹೇಳುತ್ತಿದ್ದಿತು. ಬೋಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಉತ್ತರದೇಶೀಯರ ವಿಶೇಷಾಚಾರಗಳಲ್ಲಿ ಎಣಿಸಿ, ಮತ್ತೊಂದೆಡೆಯಲ್ಲಿ ಪತನೀಯಗಳ ಪಟ್ಟಿಯಲ್ಲಿಯೇ ಸೇರಿಸಿಬಿಟ್ಟಿದೆ. ಸಮುದ್ರಕ್ಕೆ ಮಾತ್ರ ನಿಷೇಧ, ನೆಲದ ಮೇಲೆ ಗಾಡಿಯಲ್ಲಿ ಹೋಗುವವನಿಗೆ ಬಾಧಕವಿಲ್ಲ ಎಂದು ಯಾರಾದರೂ ಸಂತೋಷಪಡುವುದಾದರೆ ಅದಕ್ಕೂ ಅವಕಾಶವಿಲ್ಲ. ಆರಟ್ಟ, ಸೌವೀರ, ವಂಗ, ಕಳಿಂಗ ಮುಂತಾದ ದೇಶಗಳಿಗೆ ಹೋಗಿಬಂದವನಿಗೂ ಅದೇ ಗ್ರಂಥದಲ್ಲಿ ಪುನಃಸ್ತೋಮಾದಿ ಯಾಗಗಳು ಶುದ್ಧಿಗಾಗಿ ವಿಹಿತವಾಗಿವೆ. ಆರಟ್ಟವೆಂದರೆ ಪಂಚನದದ ಕಡೆಯ ನಾಡು, ಸೌವೀರವೆಂದರೆ ಸಿಂಧುವಿನ ಕೆಳದಂಡೆಯ ಸೀಮೆ. ಬೆಂಗಳೂರಿನಿಂದ ಲಂಡನ್ನಿಗೆ ಮೋಟಾರಿನಲ್ಲಿ ಹೊರಟವನು ಲಾಹೋರನ್ನು ದಾಟಿ ಕ್ವೆಟ್ಟಾ ಮುಟ್ಟುವುದರೊಳಗಾಗಿಯೇ ಪ್ರಾಯಶ್ಚಿತ್ತಾರ್ಹನಾಗುತ್ತಾನೆ! ಈ ವಿಧಿಗಳ ಬಿಗಿಯು ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಸಡಿಲವಾಗುತ್ತ ಬಂದಿತು. ಮುಂದೆ ಮೈಸೂರಿನ ದಿವಾನರಾದ ವಿಶ್ವೇಶ್ವರಯ್ಯನವರು 1898ರಲ್ಲಿಯೇ ಜಪಾನಿಗೆ ಹೋಗಿಬಂದರು. ಶಾಸ್ತ್ರವು ಹಿಂದೆಗೆದ ಸ್ಥಾನವನ್ನು ಹಣವು ಹಿಡಿಯಿತು. ಉಳ್ಳವನು ಹೊರಟನು, ಇಲ್ಲದವನು ನಿಂತನು. ಉಳ್ಳವನಿಗೂ ಕೂಡದೆಂದು ಹೇಳಬಲ್ಲ ಮೂರನೆಯ ಅಧಿಕಾರಿಯೊಬ್ಬನು ಬಂದದ್ದು ಎರಡನೆಯ ಮಹಾಯುದ್ಧದಲ್ಲಿ. ಅವನೇ ಪೆಟ್ರೋಲಿನ ಚೀಟಿ.

1939ರ ಸೆಪ್ಟೆಂಬರಿನಲ್ಲಿ ಯುದ್ಧ ಆರಂಭವಾದಾಗ ಬೆಂಗಳೂರಿನ ಜನಕ್ಕೆ ಅದರ ಬಿಸಿ ಒಡನೆಯೇ ತಟ್ಟಲಿಲ್ಲ. ತೈಲವನ್ನು ತರುವ ಹಡಗುಗಳು ಕಡಿಮೆಯಾಗಿ, ಇದ್ದುದು ಸೈನ್ಯಕ್ಕೆ ಬೇಕಾಗಿ, 1941ರಲ್ಲಿ ಭಾರತದಲ್ಲಿ ಪೆಟ್ರೋಲಿಗೆ ಪಡಿತರ ಬಂದಿತು. ಮರುವರ್ಷ ಸಂಕಟವು ಇಮ್ಮಡಿಯಾಯಿತು. ಭಾರತಕ್ಕೆ ಬಹುಕಾಲದಿಂದ ಎಣ್ಣೆಯನ್ನು ಕೊಡುತ್ತಿದ್ದ ಬರ್ಮಾ ದೇಶವು ಕೈತಪ್ಪಿತು. 1942ರ ಮಾರ್ಚ್ 8ರಂದು ರಂಗೂನು ಜಪಾನೀಯರ ವಶವಾಯಿತು. ಏಪ್ರಿಲಿನಲ್ಲಿ ಯೆನಾಂಜಾಂಗಿನ ಎಣ್ಣೆಬಾವಿಗಳು ಶತ್ರುವಿಗೆ ದಕ್ಕಬಾರದೆಂದು ಬ್ರಿಟಿಷರೇ ಅವುಗಳನ್ನು ನಾಶಮಾಡಿದರು. ಭಾರತದ ಒಳಗೆ ಮುಖ್ಯವಾಗಿ ಉಳಿದದ್ದು ಅಸ್ಸಾಮಿನ ಡಿಗ್ಬಾಯಿ. ಇಡೀ ದೇಶದ ಬಾಯಾರಿಕೆಗೆ ಅದು ಒಂದು ಉದ್ಧರಣೆ ನೀರಿನಷ್ಟು.

ಪಡಿತರದ ಕ್ರಮದ ಹಿಂದಿದ್ದ ವಿವೇಚನೆಯು ಸಂಸ್ಕೃತ ಪಾಠಶಾಲೆಯಲ್ಲಿ ಓದಿದವರಿಗೆ ಹೊಸದಾಗಿ ತೋರುವಂತಹುದಲ್ಲ. ಮೀಮಾಂಸಕರು ಕರ್ಮಗಳನ್ನು ನಿತ್ಯ, ನೈಮಿತ್ತಿಕ, ಕಾಮ್ಯಗಳೆಂದು ವಿಂಗಡಿಸುತ್ತಾರೆ. ನಿತ್ಯವನ್ನು ಬಿಡಕೂಡದು, ನೈಮಿತ್ತಿಕವು ನಿಮಿತ್ತವೊದಗಿದಾಗ ತಪ್ಪದೆ ಮಾಡತಕ್ಕದ್ದು, ಕಾಮ್ಯವು ಅಪೇಕ್ಷೆಯುಳ್ಳವನ ಇಷ್ಟಕ್ಕೆ ಸೇರಿದ್ದು. ಇಂಗ್ಲೆಂಡಿನಲ್ಲಿ ಪೆಟ್ರೋಲಿನ ಅಧಿಕಾರಿಗಳು ಮಾಡಿದ್ದೂ ಹೆಚ್ಚು ಕಡಿಮೆ ಇದೇ. ಗಾಡಿಯಿದ್ದ ಪ್ರತಿಯೊಬ್ಬನಿಗೂ ಒಂದು ಮೂಲ ಪಾಲು. ವೈದ್ಯರು ಮುಂತಾದವರಿಗೆ ಅವರ ಕಾರ್ಯವನ್ನು ನೋಡಿ ಹೆಚ್ಚಿನ ಪಾಲು. ವಿಹಾರಕ್ಕೆ ಪ್ರತ್ಯೇಕವಾಗಿ ಏನೂ ಇಲ್ಲ. 1942ರ ಜುಲೈಯಲ್ಲಿ ಆ ಮೂಲ ಪಾಲನ್ನೂ ತೆಗೆದುಹಾಕಿದರು. ಕಾರಣವನ್ನು ತೋರಿಸಿದವನಿಗೆ ಮಾತ್ರ ಪೆಟ್ರೋಲು ಎಂದಾಯಿತು. ಮೀಮಾಂಸೆಗೂ ಇದಕ್ಕೂ ಒಂದು ಭೇದವುಂಟು, ಅದು ಅಲ್ಪವಾದುದಲ್ಲ. ತನ್ನ ಕರ್ಮವು ಯಾವ ಜಾತಿಗೆ ಸೇರಿತೆಂಬುದನ್ನು ಮೀಮಾಂಸೆಯಲ್ಲಿ ಕರ್ತೃವು ಶಾಸ್ತ್ರದಿಂದ ತಾನೇ ತಿಳಿಯುತ್ತಾನೆ. ಪಡಿತರದಲ್ಲಿ ಅದನ್ನು ತೀರ್ಮಾನಿಸುವವನು ಮೇಜಿನ ಹಿಂದೆ ಕುಳಿತ ಅಧಿಕಾರಿ. ತಾಯಿಯ ಅವಸಾನಕಾಲಕ್ಕೆ ಹೋಗುವುದು ನೈಮಿತ್ತಿಕವೆಂದು ಮಗನಿಗೆ ನಿಸ್ಸಂದೇಹವಾಗಿ ತಿಳಿದಿದ್ದರೂ, ಅರ್ಜಿಯ ಮೇಲೆ ಮೊಹರು ಬೀಳುವವರೆಗೆ ಅದು ಕಾಮ್ಯವೇ. ಕಾಳಸಂತೆಯು ಬೆಳೆದದ್ದು ಲೋಭದಿಂದ ಎಂದು ಹೇಳುವುದು ವಾಡಿಕೆ. ಲೋಭವಿದ್ದದ್ದು ನಿಜ, ಆದರೆ ತನ್ನ ಅಗತ್ಯವನ್ನು ಪರರ ಮುಂದೆ ಸಾಧಿಸಲಾರದವನ ಸಂಕಟವೂ ಅದಕ್ಕೆ ಗೊಬ್ಬರವಾಯಿತೆಂಬುದನ್ನು ಮರೆಯಬಾರದು.

ಅಗತ್ಯಕ್ಕೂ ಅಪೇಕ್ಷೆಗೂ ಗೆರೆಯೆಳೆಯುವ ವಿಚಾರದಲ್ಲಿ ಛಾಂದೋಗ್ಯೋಪನಿಷತ್ತಿನ ಉಷಸ್ತಿ ಚಾಕ್ರಾಯಣನ ಕಥೆಗಿಂತ ಹರಿತವಾದುದು ಇನ್ನೊಂದು ದೊರೆಯುವುದು ಕಷ್ಟ. ಕುರುದೇಶದಲ್ಲಿ ಬೆಳೆಯೆಲ್ಲ ಹಾಳಾದಾಗ ಅವನು ಹೆಂಡತಿಯೊಡನೆ ದೇಶವನ್ನು ತಿರುಗುತ್ತ ಆನೆಯವರ ಹಳ್ಳಿಯೊಂದಕ್ಕೆ ಬಂದನು. ಅಲ್ಲಿ ಒಬ್ಬ ಆನೆಯವನು ಕುಲ್ಮಾಷವನ್ನು ತಿನ್ನುತ್ತಿದ್ದನು. ಉಷಸ್ತಿಯು ಅವನ ಎಂಜಲನ್ನೇ ಬೇಡಿ ತಿಂದನು. ಆಮೇಲೆ ಆನೆಯವನು ಕುಡಿಯಲು ನೀರನ್ನು ಕೊಡಹೋದರೆ, ಅದು ಎಂಜಲು, ತನಗೆ ಬೇಡವೆಂದನು. ಕಾಳು ಎಂಜಲಲ್ಲವೇ ಎಂದು ಕೇಳಿದಾಗ ಉಷಸ್ತಿಯು ಕೊಟ್ಟ ಉತ್ತರದ ತಾತ್ಪರ್ಯವಿಷ್ಟೆ: ಅದನ್ನು ತಿನ್ನದಿದ್ದರೆ ಜೀವವುಳಿಯುತ್ತಿರಲಿಲ್ಲ; ನೀರಾದರೋ ಬೇಕಾದಾಗ ಬೇಕಾದಲ್ಲಿ ಸಿಕ್ಕುವುದು. ಒಂದೇ ಕೈಯಿಂದ ಬಂದ ಎರಡು ಪದಾರ್ಥಗಳಲ್ಲಿ ಒಂದು ಗ್ರಾಹ್ಯ, ಇನ್ನೊಂದು ತ್ಯಾಜ್ಯ. ಕ್ಷಾಮಕಾಲದ ಪ್ರಯಾಣಿಕನ ಕಥೆಯೂ ಇದಾದುದರಿಂದ ಪ್ರಕೃತಕ್ಕೆ ಇನ್ನಷ್ಟು ಹೊಂದುತ್ತದೆ.

ಯುದ್ಧಕಾಲದ ಮೈಸೂರು ಸಂಸ್ಥಾನದಲ್ಲಿ ಪೆಟ್ರೋಲಿಗೆ ಬದಲಾಗಿ ಬಳಕೆಗೆ ಬಂದದ್ದು ಇದ್ದಲಿನ ಅನಿಲ. ಬಸ್ಸಿನ ಹಿಂಭಾಗಕ್ಕೆ ಕಬ್ಬಿಣದ ಎತ್ತರವಾದ ಪೀಪಾಯಿಯೊಂದನ್ನು ಬಿಗಿದು, ಅದರಲ್ಲಿ ಇದ್ದಲನ್ನು ತುಂಬಿ, ಸಾಕಷ್ಟು ಗಾಳಿಯಾಡದಂತೆ ಉರಿಸುತ್ತಿದ್ದರು. ಅರೆಬೆಂದ ಆ ಬೆಂಕಿಯಿಂದ ಹುಟ್ಟುವ ಅನಿಲವನ್ನು ಬೂದಿ ಮಸಿಗಳಿಲ್ಲದಂತೆ ಸೋಸಿ, ತಣ್ಣಗೆ ಮಾಡಿ, ಗಾಳಿಯೊಡನೆ ಬೆರಸಿ ಯಂತ್ರಕ್ಕೆ ಬಿಡುತ್ತಿದ್ದರು. ಒಂದು ಲೀಟರು ಪೆಟ್ರೋಲು ಮಾಡುವ ಕೆಲಸಕ್ಕೆ ಒಂದು ಕಿಲೋಗ್ರಾಮಿಗೂ ಮೀರಿ ಇದ್ದಲು ಬೇಕಾಗುತ್ತಿತ್ತು. ಬೆಂಕಿ ಹೊತ್ತಿ ಅನಿಲವು ಹದಕ್ಕೆ ಬರುವವರೆಗೆ ಹಿಡಿಯಿರುವ ಪಂಕವನ್ನು ಕೈಯಿಂದ ತಿರುಗಿಸುತ್ತ ಕಾಯಬೇಕು. ಹೊರಟ ಮೇಲೂ ಯಂತ್ರದ ಬಲವು ಮೂರರಲ್ಲೊಂದು ಪಾಲಿನಷ್ಟಾದರೂ ಕುಂದಿರುತ್ತಿದ್ದುದರಿಂದ ಏರು ಬಂದಲ್ಲಿ ಜನ ಇಳಿದು ನಡೆಯುವುದು, ಕೆಲವು ವೇಳೆ ಹಿಂದಿನಿಂದ ನೂಕುವುದು, ಸಾಮಾನ್ಯವಾಗಿದ್ದಿತು. ಆ ಅನಿಲದಲ್ಲಿ ಮುಖ್ಯವಾದುದು ಬಣ್ಣವೂ ವಾಸನೆಯೂ ಇಲ್ಲದ ವಿಷವಾದ ಕಾರಣ ಮುಚ್ಚಿದ ಕೊಟ್ಟಿಗೆಯಲ್ಲಿ ಅದನ್ನು ಹೊತ್ತಿಸುವುದು ಪ್ರಾಣಾಪಾಯ. ಮಂಡ್ಯದ ಸಕ್ಕರೆಯ ಕಾರ್ಖಾನೆಯಲ್ಲಿ ಉಳಿಯುವ ಕಾಕಂಬಿಯಿಂದ ಮದ್ಯಸಾರವನ್ನಿಳಿಸಿ ಪೆಟ್ರೋಲಿಗೆ ಬೆರಸುವ ಕ್ರಮವೂ ಮೈಸೂರಿನಲ್ಲಿ ಆಗಲೇ ಬಂದಿತ್ತು. ಇಂದು ಪೆಟ್ರೋಲಿಗೆ ಎಥನಾಲು ಬೆರಸುವುದನ್ನು ಅಪೂರ್ವವಾದ ಉಪಾಯವೆಂದು ಹೊಗಳುವವರು ಮಂಡ್ಯದ ಕಬ್ಬನ್ನು ಒಮ್ಮೆ ನೆನೆಯಬಹುದು.

ಪಟ್ಟಂದೂರಿನ ಸುತ್ತಣ ಸೀಮೆಯಲ್ಲಿ ಈ ಅಭಾವವು ತಂದ ಸ್ಥಿತಿ ವಿಚಿತ್ರವಾಗಿದ್ದಿತು. ವೈಟ್‌ಫೀಲ್ಡೆಂಬುದು ಚಾಮರಾಜೇಂದ್ರ ಒಡೆಯರು 1882ರಲ್ಲಿ ಯುರೇಷಿಯನ್ನರ ಸಂಘಕ್ಕೆ ಸುಮಾರು 3,900 ಎಕರೆ ಭೂಮಿಯನ್ನು ಕೊಟ್ಟುದರಿಂದ ಹುಟ್ಟಿದ ಊರು. ಆ ಸಂಘವನ್ನು ಕಟ್ಟಿದ ಡಿ. ಎಸ್. ವೈಟ್ ಎಂಬವರ ಹೆಸರೇ ಅದಕ್ಕೆ ನಿಂತಿತು. ಒಂದು ದಾನ ಅಗ್ರಹಾರವಾಯಿತು, ಪಕ್ಕದ ಇನ್ನೊಂದು ದಾನ ಆಂಗ್ಲೋ-ಇಂಡಿಯನ್ನರ ಗ್ರಾಮವಾಯಿತು. ಬೆಂಗಳೂರಿನಿಂದ ಜೋಲಾರಪೇಟೆಗೆ 1864ರಲ್ಲಿಯೇ ಆದ ಉಗಿಬಂಡಿಯ ದಾರಿಯು ಹತ್ತಿರದಲ್ಲಿಯೇ ಹಾದುಹೋಗುತ್ತಿದ್ದುದರಿಂದ, ಮೋಟಾರು ನಿಂತರೂ ಈ ಕಡೆಯ ಜನರ ಸಂಚಾರ ನಿಲ್ಲಲಿಲ್ಲ. ಎತ್ತಿನ ಗಾಡಿಯಂತೂ ಇದ್ದೇ ಇದ್ದಿತು. ಬೆಂಗಳೂರಿನ ದಾರಿಯಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪೆನಿಯು 1940ರ ಡಿಸೆಂಬರಿನಲ್ಲಿ ಸ್ಥಾಪಿತವಾಯಿತು. ಇದರಲ್ಲೊಂದು ವಿಧಿವಿಲಾಸವುಂಟು. ವಿಶ್ವೇಶ್ವರಯ್ಯನವರೂ ವಾಲ್‌ಚಂದ್ ಹೀರಾಚಂದರೂ ಬಹುವಾಗಿ ಅಪೇಕ್ಷಿಸಿದ್ದು ಮೋಟಾರು ಗಾಡಿಗಳ ಕಾರ್ಖಾನೆಯನ್ನು. ಭಾರತ ಸರ್ಕಾರದ ಬೆಂಬಲ ಅದಕ್ಕೆ ದೊರೆಯಲಿಲ್ಲ. ಯುದ್ಧದ ಒತ್ತಡದಲ್ಲಿ ಬೆಂಗಳೂರಿಗೆ ಬಂದದ್ದು ವಿಮಾನದ ಕಾರ್ಖಾನೆ. ಹೀಗಾಗಿ ನೆಲದ ಗಾಡಿಗೆ ತೈಲವಿಲ್ಲದ ವರ್ಷಗಳಲ್ಲಿ ಈ ಊರುಗಳ ಮೇಲೆ ವಿಮಾನಗಳು ಹಾರಾಡುತ್ತಿದ್ದವು.

ದೇಶಾಂತರವೆಂಬ ಶಬ್ದವನ್ನು ನ್ಯಾಯಾಲಯದ ಅರ್ಥದಲ್ಲಿ ಹಿಡಿದರೆ ಪಟ್ಟಂದೂರಿನಿಂದ ಬೆಂಗಳೂರಿನ ಪೇಟೆಗೆ ಹೋಗುವವನೂ ಆಗ ದೇಶಾಂತರಪ್ರಯಾಣವನ್ನು ಮಾಡುತ್ತಿದ್ದನೆನ್ನಬೇಕು. ಗ್ರಾಮವಿದ್ದದ್ದು ಮೈಸೂರು ಮಹಾರಾಜರ ಸೀಮೆಯಲ್ಲಿ. ನಡುವಿನ ದಂಡು ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿ. ಪೇಟೆಯು ಮತ್ತೆ ಮಹಾರಾಜರದು. 1881ರಲ್ಲಿ ಸಂಸ್ಥಾನವನ್ನು ಅರಸರಿಗೆ ಹಿಂದಿರುಗಿಸಿದಾಗ ಬ್ರಿಟಿಷರು ಕೈಯಲ್ಲಿಟ್ಟುಕೊಂಡ ದಂಡಿನ ಪ್ರದೇಶವು ಮೈಸೂರಿಗೆ ಮರಳಿದ್ದು 1947ರ ಜುಲೈ 26ರಂದು, ಸ್ವಾತಂತ್ರ್ಯಕ್ಕೆ ಮೂರು ವಾರ ಮೊದಲು. ಸೊಪ್ಪಿನ ಹೊರೆಯೊಡನೆ ಗಾಡಿ ಹೊಡೆಯುವ ರೈತನು ಬೆಳಗಾಗುವುದರೊಳಗೆ ಎರಡು ಗಡಿಗಳನ್ನು ದಾಟುತ್ತಿದ್ದನು. ಅವನ ಎತ್ತುಗಳಿಗೆ ಹುಲ್ಲಿನ ಹೊರತು ಬೇರೆ ಇಂಧನ ಬೇಕಾಗಿರಲಿಲ್ಲ.

ನಿಜವಾದ ದೇಶಾಂತರದ ಕಠಿಣ ನಿರ್ಣಯವು ಆ ವರ್ಷಗಳಲ್ಲಿ ಬಂದದ್ದು ಬರ್ಮಾದಲ್ಲಿದ್ದ ಭಾರತೀಯರಿಗೆ. ರಂಗೂನಿನ ಮೇಲೆ 1941ರ ಡಿಸೆಂಬರಿನಲ್ಲಿ ಬಾಂಬುಗಳು ಬಿದ್ದ ತರುವಾಯ ಹಡಗಿನಲ್ಲಿ ಸ್ಥಳ ದೊರೆಯದವರು ಉತ್ತರದ ಕಡೆಗೆ ಹೊರಟರು. ಗಾಡಿಯುಳ್ಳವರು ಗಾಡಿಯಲ್ಲಿ ಹೋದರು. ಆದರೆ ಭಾರತದ ಗಡಿಯವರೆಗೆ ಮುಟ್ಟುವ ಮೋಟಾರಿನ ರಸ್ತೆಯೇ ಆಗ ಇರಲಿಲ್ಲ. ರಸ್ತೆ ಮುಗಿದಲ್ಲಿ ಗಾಡಿಯನ್ನು ಬಿಟ್ಟು, ಮಣಿಪುರದ ಕಡೆಯ ಕಾಡುಬೆಟ್ಟಗಳನ್ನು ಕಾಲ್ನಡೆಯಿಂದ ಹತ್ತಬೇಕಾಯಿತು. ಹಿಂದಕ್ಕೆ ಸರಿದ ಬ್ರಿಟಿಷ್ ಸೈನ್ಯವೂ ಚಿಂದ್ವಿನ್ ನದಿಯ ದಂಡೆಯಲ್ಲಿ ತನ್ನ ವಾಹನಗಳನ್ನು ಒಡೆದುಹಾಕಿ ಹೊಳೆ ದಾಟಿತು. ಬರ್ಮಾದಿಂದ ಹೊರಟುಬಂದ ಭಾರತೀಯರ ಸಂಖ್ಯೆಯನ್ನು ನಾಲ್ಕೈದು ಲಕ್ಷವೆಂದು ಹೇಳುತ್ತಾರೆ. ದಾರಿಯಲ್ಲಿ ಸಾವಿರಗಟ್ಟಲೆ ಜನ ಉಳಿದುಹೋದರು. ಹೊರಡುವಾಗ ಇವರಲ್ಲಿ ಅನೇಕರು ತೈಲವು ಎಲ್ಲಿಯವರೆಗೆ ಸಾಕಾದೀತೆಂದು ಲೆಕ್ಕಹಾಕಿದ್ದಿರಬೇಕು. ರಸ್ತೆಯು ಎಲ್ಲಿಯವರೆಗಿದೆ ಎಂಬುದು ಅದಕ್ಕಿಂತ ಮುಖ್ಯವಾದ ಲೆಕ್ಕವಾಗಿ ಪರಿಣಮಿಸಿತು.

ಯುದ್ಧವು ಮುಗಿದ ಮೇಲೂ ತೈಲದ ಬಿಗಿ ಕೆಲವು ಕಾಲ ಮುಂದುವರಿಯಿತು. ಇದರ ಕಾರಣವು ಬೇರೆಯ ಕಡೆಯಲ್ಲಿದ್ದಿತು. ಇಂಗ್ಲೆಂಡಿನಲ್ಲಿ 1947ರ ಶರತ್ಕಾಲದಲ್ಲಿ ಎರಡು ಆಜ್ಞೆಗಳು ಒಟ್ಟೊಟ್ಟಿಗೆ ಬಂದವು; ಸ್ವಂತ ಗಾಡಿಗಳಿಗೆ ಕೊಡುತ್ತಿದ್ದ ಮೂಲ ಪಾಲಿನ ಪೆಟ್ರೋಲನ್ನು ಮತ್ತೆ ತೆಗೆದುಹಾಕುವುದು ಒಂದು, ವಿಹಾರಾರ್ಥವಾಗಿ ಪರದೇಶಕ್ಕೆ ಹೋಗುವವರಿಗೆ ಹಣವನ್ನು ಬದಲಾಯಿಸಿ ಕೊಡುವುದನ್ನು ನಿಲ್ಲಿಸುವುದು ಇನ್ನೊಂದು. ಎಣ್ಣೆಯನ್ನು ಡಾಲರಿನಲ್ಲಿ ಕೊಳ್ಳಬೇಕು, ಡಾಲರುಗಳು ಬರಿದಾಗಿದ್ದವು. ತೈಲಕ್ಷಾಮವೆಂದು ಹೊರಗೆ ಕಾಣುವುದು ಒಳಗೆ ನೋಡಿದರೆ ಅನೇಕ ವೇಳೆ ಪರದೇಶದ ನಾಣ್ಯದ ಕ್ಷಾಮ.

1956ರಲ್ಲಿ ಸುಯೆಜ್ ಕಾಲುವೆ ಮುಚ್ಚಿತು. ಜುಲೈ 26ರಂದು ಈಜಿಪ್ಟಿನ ನಾಸೆರ್ ಅದನ್ನು ರಾಷ್ಟ್ರದ ಸ್ವತ್ತೆಂದು ಸಾರಿದ್ದು, ಅಕ್ಟೋಬರಿನ ಕೊನೆಯಲ್ಲಿ ಇಸ್ರೇಲಿ, ಬ್ರಿಟಿಷ್, ಫ್ರೆಂಚ್ ಸೇನೆಗಳು ಮೇಲೆ ಬಿದ್ದದ್ದು, ಮುಳುಗಿಸಿದ ಹಡಗುಗಳಿಂದ ಕಾಲುವೆಯು ಕಟ್ಟಿಹೋದದ್ದು ಎಲ್ಲರೂ ಬಲ್ಲ ಸಂಗತಿ. ಬೊಂಬಾಯಿಯಿಂದ ವಿಲಾಯತಿಗೆ ಹೋಗುವ ಹಡಗುಗಳು ಆಫ್ರಿಕದ ತುದಿಯನ್ನು ಬಳಸಬೇಕಾಯಿತು. ಇಂಗ್ಲೆಂಡಿನಲ್ಲಿ ಡಿಸೆಂಬರ್ 17ರಿಂದ 1957ರ ಮೇ 14ರವರೆಗೆ ಪೆಟ್ರೋಲಿಗೆ ಪುನಃ ಪಡಿತರ.

ಈ ಪಡಿತರದ ನಡುವೆಯೇ ನಡೆದ ಒಂದು ಪ್ರಯಾಣವು ಪ್ರಕೃತ ವಿಷಯಕ್ಕೆ ಬಹಳ ಉಪಯುಕ್ತವಾದುದು. 1957ರ ಏಪ್ರಿಲ್ 15ರಂದು ಲಂಡನ್ನಿನ ವಿಕ್ಟೋರಿಯಾ ನಿಲ್ದಾಣದಿಂದ ‘ಇಂಡಿಯಾಮನ್’ ಎಂಬ ಬಸ್ಸು ಕಲ್ಕತ್ತೆಗೆ ಹೊರಟಿತು. ಗ್ಯಾರೋ-ಫಿಷರ್ ಎಂಬಾತನು ಅದರ ಒಡೆಯ; ಇಪ್ಪತ್ತು ಮಂದಿ ಪ್ರಯಾಣಿಕರು; ಒಂದು ಕಡೆಗೆ 85 ಪೌಂಡು. ಯೂರೋಪನ್ನೂ ತುರ್ಕಿ, ಇರಾನ್, ಪಾಕಿಸ್ತಾನಗಳನ್ನೂ ದಾಟಿ ಜೂನ್ 5ರಂದು ಅದು ಕಲ್ಕತ್ತೆಯನ್ನು ಸೇರಿತು. ಪಡಿತರವಿರುವ ನಾಡಿನಿಂದ ಸಹಸ್ರಾರು ಮೈಲಿಯ ಯಾತ್ರೆಗೆ ಹೊರಡುವುದು ಮೊದಲ ನೋಟಕ್ಕೆ ಅವಿವೇಕವಾಗಿ ಕಾಣುವುದು ಸಹಜ. ಲೆಕ್ಕ ಹಾಕಿದರೆ ಹಾಗಲ್ಲ. ಲಂಡನ್ನಿನಿಂದ ಡೋವರಿನ ಕಡಲಿಗೆ ಎಪ್ಪತ್ತೆಂಬತ್ತು ಮೈಲಿ. ಇಂಗ್ಲೆಂಡಿನ ಚೀಟಿಯ ಪೆಟ್ರೋಲು ಬೇಕಾದದ್ದು ಅಷ್ಟಕ್ಕೆ ಮಾತ್ರ. ಫ್ರಾನ್ಸಿನಲ್ಲಿಯೂ ಬಿಗಿಯಿದ್ದಿತು, ಆದರೆ ಪೂರ್ವಕ್ಕೆ ಹೋದಂತೆಲ್ಲ ಬಸ್ಸು ಎಣ್ಣೆಯು ಹುಟ್ಟುವ ನಾಡನ್ನೇ ಸಮೀಪಿಸುತ್ತಿದ್ದಿತು. ದೂರದ ಪ್ರಯಾಣಿಕನಿಗೆ ಸ್ವದೇಶದ ಕ್ಷಾಮಕ್ಕಿಂತ ನಡುದಾರಿಯ ದೇಶಗಳ ಸ್ಥಿತಿಯು ಹೆಚ್ಚು ಮುಖ್ಯವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ತದ್ವಿಪರೀತವಾಗಿ, ವಾರಾಂತ್ಯದಲ್ಲಿ ನೂರು ಮೈಲಿ ಹೋಗಿಬರುವವನಿಗೆ ಮನೆಯ ಬಳಿಯ ಬಂಕಿನ ಸ್ಥಿತಿಯೇ ಸರ್ವಸ್ವ.

1973ರ ಕ್ಷಾಮವನ್ನು ಹಿರಿಯರು ಅನೇಕರು ನೆನೆಯುತ್ತಾರಾದುದರಿಂದ ವಿಸ್ತರಿಸಬೇಕಾದುದಿಲ್ಲ. ಅರಬ್ಬೀ ದೇಶಗಳು ಅಕ್ಟೋಬರ್ 17ರಂದು ತೈಲವನ್ನು ಕಡಿಮೆ ಮಾಡುವ ನಿರ್ಣಯಕ್ಕೆ ಬಂದವು. ಮೂರು ಡಾಲರಿನ ಆಸುಪಾಸಿನಲ್ಲಿದ್ದ ಪೀಪಾಯಿಯ ಬೆಲೆ 1974ರ ಆರಂಭಕ್ಕೆ ಹನ್ನೊಂದನ್ನು ಮೀರಿತು. ಹಾಲೆಂಡು, ಪಶ್ಚಿಮ ಜರ್ಮನಿಗಳಲ್ಲಿ ಭಾನುವಾರದಂದು ಮೋಟಾರು ಓಡಿಸಕೂಡದೆಂದು ಆಜ್ಞೆಯಾಗಿ, ಹೆದ್ದಾರಿಗಳಲ್ಲಿ ಮಕ್ಕಳು ನಡೆದಾಡಿದರು. ದಿಲ್ಲಿಯಲ್ಲಿ ನವೆಂಬರ್ ತಿಂಗಳಲ್ಲಿ ವಾಜಪೇಯಿಯವರು ಬೆಲೆಯೇರಿಕೆಯನ್ನು ಖಂಡಿಸಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದರು. ಭಾರತದಿಂದ ಗಾಡಿಯಲ್ಲಿ ಯೂರೋಪಿಗೆ ಹೋಗುವ ಸಾಹಸಿಗಳಿಗೆ ಆ ವರ್ಷಗಳಲ್ಲಿ ಪೆಟ್ರೋಲಿಗಿಂತ ದೊಡ್ಡ ಅಡ್ಡಿಗಳು ಎರಡಿದ್ದವು. ಹೊರದೇಶದ ಹಣವನ್ನು ಸರ್ಕಾರವು ಕೆಲವೇ ಡಾಲರುಗಳಷ್ಟು ಅಳೆದು ಕೊಡುತ್ತಿದ್ದಿತು; ಗಾಡಿಯನ್ನು ಹೊರದೇಶದಲ್ಲಿ ಮಾರಿಬಿಡುವುದಿಲ್ಲವೆಂಬುದಕ್ಕೆ ಬ್ಯಾಂಕಿನ ಹೊಣೆಯೊಡನೆ ‘ಕಾರ್ನೆ’ ಎಂಬ ಪತ್ರವನ್ನು ಪಡೆಯಬೇಕಾಗಿದ್ದಿತು. 1979ರಲ್ಲಿ ಇರಾನಿನ ಕ್ರಾಂತಿಯೂ ಅಫಘಾನಿಸ್ತಾನಕ್ಕೆ ಸೋವಿಯತ್ ಸೇನೆಯ ಪ್ರವೇಶವೂ ಆಗಿ, ಆ ಹಳೆಯ ನೆಲದ ದಾರಿ ಬಹುಮಟ್ಟಿಗೆ ಮುಚ್ಚಿಹೋಯಿತು.

ಇಷ್ಟರವರೆಗೆ ಹೇಳಿದ ಪ್ರಯಾಣಗಳಲ್ಲಿ ಬರ್ಮಾದ ಒಂದನ್ನು ಬಿಟ್ಟರೆ, ಹೋಗದಿದ್ದರೆ ಪ್ರಾಣಕ್ಕೆ ಹಾನಿಯೆಂಬ ಸ್ಥಿತಿ ಇರಲಿಲ್ಲ. ಕನ್ನಡ ನಾಡಿನ ಮನೆಗಳಿಗೆ ಆ ಸ್ಥಿತಿಯು ನೇರವಾಗಿ ತಟ್ಟಿದ್ದು 1990ರಲ್ಲಿ. ಮಂಗಳೂರು, ಉಡುಪಿ, ಕಾಸರಗೋಡು, ಭಟ್ಕಳಗಳ ಕಡೆಯಿಂದ ಅನೇಕರು ಕೊಲ್ಲಿಯ ರಾಜ್ಯಗಳಿಗೆ ಉದ್ಯೋಗಕ್ಕಾಗಿ ಹೋಗಿದ್ದರು. ಅವರಲ್ಲಿ ಕುವೈತಿನಲ್ಲಿದ್ದವರೂ ಇದ್ದರು. ಆಗಸ್ಟ್ 2ರ ಬೆಳಗಿನ ಜಾವ ಇರಾಕಿನ ಸೇನೆಯು ಕುವೈತನ್ನು ಆಕ್ರಮಿಸಿತು. ಆ ಹೊತ್ತಿನಲ್ಲಿ ಅಲ್ಲಿದ್ದ ಭಾರತೀಯರು ಒಂದು ಲಕ್ಷದ ಎಪ್ಪತ್ತು ಸಾವಿರದಷ್ಟು. ವಿಮಾನನಿಲ್ದಾಣ ಮುಚ್ಚಿತು. ಬ್ಯಾಂಕುಗಳು ಮುಚ್ಚಿದವು. ಬಹು ಬೆಲೆಯುಳ್ಳ ಕುವೈತೀ ದಿನಾರನ್ನು ಇರಾಕೀ ದಿನಾರಿಗೆ ಸಮವೆಂದು ಆಜ್ಞೆಮಾಡಿದ್ದರಿಂದ ಹತ್ತು ಹದಿನೈದು ವರ್ಷ ಕೂಡಿಟ್ಟದ್ದು ಕೈಯಲ್ಲಿದ್ದೇ ಕರಗಿತು. ಆಗಸ್ಟ್ 6ರಂದು ರಾಷ್ಟ್ರಸಂಘವು ಇರಾಕಿನೊಡನೆ ವ್ಯಾಪಾರವನ್ನು ನಿಷೇಧಿಸಿದ ಮೇಲೆ ಆಹಾರದ ಚಿಂತೆಯೂ ಸೇರಿತು.

ಭಾರತದ ವಿದೇಶಾಂಗ ಸಚಿವರಾದ ಐ. ಕೆ. ಗುಜ್ರಾಲರು ಬಾಗ್ದಾದಿಗೆ ಹೋಗಿ ಸದ್ದಾಂ ಹುಸೇನರನ್ನು ಕಂಡರು. ಕುವೈತಿಗೂ ಹೋಗಿ ಅಲ್ಲಿನ ಭಾರತೀಯರನ್ನು ನೋಡಿದರು. ಹೊರಡಲು ತೆರೆದಿದ್ದ ದಾರಿ ಮುಖ್ಯವಾಗಿ ಒಂದು: ಕುವೈತಿನಿಂದ ಬಸ್ರಾ, ಅಲ್ಲಿಂದ ಬಾಗ್ದಾದು, ಅಲ್ಲಿಂದ ಮರುಭೂಮಿಯನ್ನು ದಾಟಿ ಜೋರ್ಡನಿನ ಅಮ್ಮಾನು. ಒಟ್ಟು ಸಾವಿರ ಕಿಲೋಮೀಟರಿಗೆ ಬಹಳ ಮೇಲು. ಬಿಸಿಲು ಐವತ್ತು ಡಿಗ್ರಿಯ ಸಮೀಪ. ಬಾಡಿಗೆಯ ಬಸ್ಸುಗಳು ಕೆಲವರಿಗೆ. ಗಾಡಿಯುಳ್ಳವರಿಗೆ ತಮ್ಮ ಗಾಡಿ.

ಇಲ್ಲಿ ಎಣ್ಣೆಯ ವಿಚಾರವು ವಿಪರೀತ ರೂಪವನ್ನು ತಾಳಿತು. ಕುವೈತು ಎಣ್ಣೆಯ ಮೇಲೆಯೇ ಕುಳಿತ ನಾಡು. ಇರಾಕಿನಲ್ಲಿಯೂ ನೆಲದೊಳಗೆ ಎಣ್ಣೆ ಬೇಕಾದಷ್ಟಿತ್ತು. ಲೋಕದ ಇತರ ಭಾಗಗಳಲ್ಲಿ ಕ್ಷಾಮವನ್ನುಂಟುಮಾಡಿದ ಯುದ್ಧದ ನಡುವಿನಲ್ಲಿ, ಕ್ಷಾಮದ ಮೂಲಸ್ಥಾನದಲ್ಲಿಯೇ, ಪೆಟ್ರೋಲು ಸಿಕ್ಕುತ್ತಿದ್ದಿತು. ಅಲ್ಲಿಯೂ ಅದು ಬಹುಕಾಲ ನಿಶ್ಚಿಂತವಾಗಿ ಉಳಿಯಲಿಲ್ಲ. ಎಣ್ಣೆಯನ್ನು ಸಂಸ್ಕರಿಸಲು ಬೇಕಾದ ಹೊರಗಿನ ರಾಸಾಯನಿಕಗಳು ನಿಂತುಹೋಗುವುದೆಂಬ ಭಯದಿಂದ ಇರಾಕಿನ ಸರ್ಕಾರವು ಅಕ್ಟೋಬರಿನಲ್ಲಿ ಪೆಟ್ರೋಲಿಗೆ ಪಡಿತರವನ್ನು ಸಾರಿ, ಕೆಲವೇ ದಿನಗಳಲ್ಲಿ ಹಿಂದೆಗೆದುಕೊಂಡಿತು. ಬೇಗ ಹೊರಟವರಿಗೆ ದಾರಿಯ ಏರ್ಪಾಟುಗಳು ತಿಳಿಯವು. ತಡಮಾಡಿ ಹೊರಟವರಿಗೆ ತೈಲವೂ ಅನ್ನವೂ ಸಂದೇಹ. ನಿಂತರೆ ಮನೆಯನ್ನೂ ಅಂಗಡಿಯನ್ನೂ ಕಾಯಬಹುದು, ಸಂಬಳದ ಬಾಕಿಯನ್ನು ಕೇಳಬಹುದು. ಹೊರಟರೆ ಇವೆಲ್ಲಕ್ಕೂ ಎಳ್ಳುನೀರು. ಹೆಂಡತಿ ಮಕ್ಕಳನ್ನು ಮೊದಲು ಕಳುಹಿಸಿ ತಾವು ನಿಂತವರುಂಟು. ಗಾಡಿಯಲ್ಲಿ ಎಷ್ಟು ಮಂದಿ, ಎಷ್ಟು ನೀರು, ಎಷ್ಟು ಪೆಟ್ರೋಲು ಎಂಬ ತ್ರೈರಾಶಿಕವನ್ನು ಮಾಡದ ಮನೆಯಿರಲಾರದು. ನೀರನ್ನು ಹೆಚ್ಚಿಸಿದರೆ ಸಾಮಾನು ಇಳಿಯಬೇಕು, ನೆರೆಯವನನ್ನು ಹತ್ತಿಸಿಕೊಂಡರೆ ನೀರು ಇಳಿಯಬೇಕು.

ನಿತ್ಯ, ನೈಮಿತ್ತಿಕ, ಕಾಮ್ಯಗಳೆಂಬ ಹಿಂದಿನ ವಿಂಗಡಣೆಯು ಇಲ್ಲಿ ಕೆಲಸಕ್ಕೆ ಬಾರದು. ಇದು ಆಪದ್ಧರ್ಮದ ಸ್ಥಾನ. ಆಪತ್ತಿನಲ್ಲಿ ಉಷಸ್ತಿಯು ಆನೆಯವನ ಎಂಜಲನ್ನು ತಿಂದನು. ಆದರೆ ನೀರಿನ ವಿಷಯದಲ್ಲಿ ವಿವೇಕವನ್ನು ಬಿಡಲಿಲ್ಲ. ಮರುಭೂಮಿಯ ದಾರಿಯಲ್ಲಿ ಆ ಉಪಮಾನವು ತಿರುಗಿ ನಿಂತಿತೆನ್ನಬೇಕು: ಅಲ್ಲಿ ನೀರೇ ಪ್ರಾಣ, ಉಳಿದದ್ದೆಲ್ಲ ಇಚ್ಛೆಗೆ ಬಿಟ್ಟದ್ದು. ಯಾವುದು ಪ್ರಾಣ, ಯಾವುದು ಇಚ್ಛೆ ಎಂಬುದನ್ನು ಹೇಳಲು ಅಲ್ಲಿ ಮೇಜಿನ ಹಿಂದೆ ಕುಳಿತ ಅಧಿಕಾರಿಯೂ ಇರಲಿಲ್ಲ. ಗೃಹಸ್ಥನು ತಾನೇ ಹೇಳಿಕೊಳ್ಳಬೇಕಾಯಿತು, ಒಂದು ರಾತ್ರಿಯೊಳಗೆ.

ಇರಾಕಿಗೂ ಜೋರ್ಡನಿಗೂ ನಡುವಣ ನಿರ್ಜನಪ್ರದೇಶದಲ್ಲಿ ಸಹಸ್ರಾರು ಜನ ನಾನಾ ದೇಶದವರು ಡೇರೆಗಳಲ್ಲಿಯೂ ಬಯಲಿನಲ್ಲಿಯೂ ದಿನಗಟ್ಟಲೆ ಕಾದರು. ಅಲ್ಲಿಯವರೆಗೆ ಹೊತ್ತು ತಂದ ಗಾಡಿಗಳನ್ನು ವಿಮಾನ ಹತ್ತಿಸುವಂತಿರಲಿಲ್ಲ. ಅನೇಕರು ದಾರಿಯಲ್ಲಿಯೇ ಬಿಟ್ಟು ನಡೆದರು. ಚಿಂದ್ವಿನ್ ದಂಡೆಯಲ್ಲಿ ನಲವತ್ತೆಂಟು ವರ್ಷಗಳ ಹಿಂದೆ ಆದದ್ದು ಮರಳಿನಲ್ಲಿ ಮರುಕಳಿಸಿತು. ಅಮ್ಮಾನಿನಿಂದ ಬೊಂಬಾಯಿಗೆ ಏರ್ ಇಂಡಿಯಾ ವಿಮಾನಗಳು 59 ದಿನಗಳಲ್ಲಿ 488 ಸಲ ಹಾರಿ ಒಂದು ಲಕ್ಷಕ್ಕೂ ಮಿಕ್ಕ ಜನರನ್ನು ಕರೆತಂದವು. ನಾಗರಿಕ ವಿಮಾನಗಳಿಂದ ಇಷ್ಟು ಜನರನ್ನು ತೆರವು ಮಾಡಿದ್ದು ಅದಕ್ಕೆ ಮೊದಲು ಎಲ್ಲಿಯೂ ನಡೆದಿರಲಿಲ್ಲ. ಆ ಹಾರಾಟಕ್ಕೆ ಎಷ್ಟು ತೈಲ ಹಿಡಿಯಿತೆಂದು ಆಗ ಯಾರೂ ಕೇಳಲಿಲ್ಲ. ಕೇಳದೆ ಇದ್ದದ್ದೇ ಸರಿ.

ಭಾರತವು ತನ್ನ ಆಮದಿನ ಕಚ್ಚಾ ಎಣ್ಣೆಯ ಬಹುಭಾಗವನ್ನು ಕೊಲ್ಲಿಯಿಂದ, ಇರಾಕು ಕುವೈತುಗಳೆರಡರಿಂದಲೂ, ತರಿಸುತ್ತಿದ್ದಿತು. ಅದು ನಿಂತು, ಬೇರೆಡೆಯಲ್ಲಿ ಹೆಚ್ಚಿನ ಬೆಲೆಗೆ ಕೊಳ್ಳಬೇಕಾಯಿತು. ಕುವೈತಿನಿಂದ ಬರುತ್ತಿದ್ದ ಹಣವೂ ನಿಂತಿತು. ಅಕ್ಟೋಬರಿನಲ್ಲಿ ಸರ್ಕಾರವು ಪೆಟ್ರೋಲು ಮೊದಲಾದವುಗಳ ಬೆಲೆಯನ್ನು ನಾಲ್ಕರಲ್ಲೊಂದು ಪಾಲಿನಷ್ಟು ಏರಿಸಿತು. ಮರುವರ್ಷ ದೇಶವು ತನ್ನ ಚಿನ್ನವನ್ನು ಲಂಡನ್ನಿನಲ್ಲಿ ಅಡವಿಡಬೇಕಾಗಿ ಬಂದಿತು. ಸಹಾರ ನಿಲ್ದಾಣದಲ್ಲಿ ಇಳಿದ ಕರಾವಳಿಯ ಜನಕ್ಕೆ ಊರು ಇನ್ನೂ ದೂರವಿತ್ತು. ಕೊಂಕಣ ರೈಲು ಬೊಂಬಾಯಿ ಮಂಗಳೂರುಗಳನ್ನು ಕೂಡಿಸಿದ್ದು 1998ರಲ್ಲಿ. ಆದುದರಿಂದ ಮರುಭೂಮಿಯನ್ನು ಸ್ವಂತ ಗಾಡಿಯಲ್ಲಿ ದಾಟಿ ಬಂದವರು, ಕೈಯಲ್ಲಿ ಒಂದು ಗಂಟಿನೊಡನೆ, ಡೀಸಲಿನ ಬಸ್ಸನ್ನು ಹತ್ತಿ ಘಟ್ಟದ ಸೀಮೆಯ ತಿರುವುಗಳಲ್ಲಿ ಹಗಲೊಂದು ಇರುಳೊಂದು ಕುಳಿತು ಮನೆಗಳನ್ನು ಸೇರಿದರು.